ಮಿಲ್ಲಿನ ಕೂಗು ನಿಲ್ಲಿಸಿದ ಸಿಡುಕಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಂದು ಕಾಲಕ್ಕೆ ನೂಲಿನ ಮಿಲ್ಲಾಗಿದ್ದು ಈಗ ಆಫೀಸಾಗಿರುವ ಕಟ್ಟಡದ ಉದ್ದನೆಯ ಹಜಾರದಲ್ಲಿ ಹೆಂಗಸೊಬ್ಬರು ಗೋಡೆಯನ್ನು ಬೈಯುತ್ತಾ ಕಸ ಗುಡಿಸುತ್ತಿದ್ದಾರೆ.

"ಉದುರು, ಇನ್ನೂ ಉದುರು. ನಿನಗೇನಾಗಬೇಕು, ಗುಡಿಸೋಳು ನಾನು ತಾನೆ."

ಗೋಡೆ ಇಟ್ಟಿಗೆಯದು. ಮಿಲ್ಲನ್ನು ಆಫೀಸು ಮಾಡಿದವರು ಅದರ ಮೇಲಿದ್ದ ಗಾರೆಯನ್ನು ಬೇಕೆಂತಲೇ ಕೆತ್ತಿ ತೆಗೆಸಿದ್ದಾರೆ. ಹಳೆಯದು ಹಳೆಯದರ ಹಾಗೆಯೇ ಕಾಣಬೇಕಂತೆ. ಕಾಣುವುದೇನೋ ಚೆನ್ನಾಗಿಯೇ ಕಾಣುತ್ತದೆ. ಆದರೆ ಎತ್ತರದ ಕಿಟಕಿಗಳ ಕೆಳಗಿನ ಕಂಪ್ಯೂಟರುಗಳ ಮೇಲೆ, ಕುರ್ಚಿಗಳ ತೋಳಿನ ಮೇಲೆ, ಯಾರೋ ಬಿಟ್ಟುಹೋದ ಕಾಫಿ ಲೋಟದೊಳಗೆ ದಿನಾ ರಾತ್ರಿ ಕೆಂಪು ಪುಡಿ ಸುರಿದಿರುತ್ತದೆ. ಮೊದಲು ಮೆತ್ತನೆ ಬ್ರಶ್ಶಿನಿಂದ ಟೇಬಲು, ಆಮೇಲೆ ಒಣ ಪೊರಕೆಯಿಂದ ನೆಲ, ಕೊನೆಗೆ ಒದ್ದೆ ಬಟ್ಟೆ. ಆಫೀಸಿನವರು ಒಳಗೆ ಕಾಲಿಡುವಷ್ಟರಲ್ಲಿ ಎಲ್ಲವೂ ಮುಗಿದಿರಬೇಕು. ಗುಡಿಸಿದ್ದು ಕಾಣಬೇಕು, ಗುಡಿಸುವವರು ಕಾಣಬಾರದು.

"ಗೋಡೆ ಉದುರಿದ್ರೆ ಅದಕ್ಕೆ ಪರಂಪರೆ ಅಂತಾರೆ. ಅದೇ ಪುಡಿ ಟೇಬಲ್ ಮೇಲೆ ಬಿದ್ರೆ ನನಗೆ ಸೋಮಾರಿ ಅಂತಾರೆ," ಎನ್ನುತ್ತಾ ಅವರು ಪೊರಕೆಯನ್ನು ನೆಲಕ್ಕೆ ಕುಟ್ಟುತ್ತಾರೆ. "ಒಂದು ಕೋಟು ಸುಣ್ಣ ಹೊಡೆಸಿದ್ರೆ ಮುಗೀತಿತ್ತು. ಆದ್ರೆ ಸುಣ್ಣ ಹೊಡೆದ ಗೋಡೆ ಮುಂದೆ ಯಾರೂ ಫೋಟೋ ತೆಗೆಸ್ಕೊಳ್ಳಲ್ವಲ್ಲ."

ಇವರು ಸಿಡುಕಮ್ಮ. ಕಟ್ಟಡದ ಒಳಗೂ, ಹಿಂದಿನ ಸಾಲುಮನೆಗಳ ಓಣಿಯಲ್ಲೂ ಎಲ್ಲರೂ ಹಾಗೆಂದೇ ಕರೆಯುತ್ತಾರೆ. ಇವರಿಗೂ ಅದರಿಂದ ಬೇಸರವಿಲ್ಲ, ಸಂಪಾದಿಸಿದ ಹೆಸರದು. ಹರೆಯದಲ್ಲಿ ಇದೇ ಹಜಾರದಲ್ಲಿ ನೂಲಿನ ಯಂತ್ರದ ಮುಂದೆ ನಿಂತು ಕೆಲಸ ಮಾಡುತ್ತಿದ್ದಾಗ, ಒಬ್ಬ ಮೇಸ್ತ್ರಿ ಪಕ್ಕದ ಹುಡುಗಿಯ ಜಡೆ ಹಿಡಿದು ಎಳೆದನಂತೆ. ಇವರು ಕೈಯಲ್ಲಿದ್ದ, ನೂಲು ಸುತ್ತುವ ಮರದ ಬಾಬಿನ್ನನ್ನು ಬೀಸಿ ಅವನ ಮುಖಕ್ಕೆ ಎಸೆದರಂತೆ. ಮೂಗಿನಿಂದ ರಕ್ತ ಬಂತು.

"ನಾನು ಕಣ್ಣಿಗೆ ಗುರಿ ಇಟ್ಟಿದ್ದೆ," ಎಂದು ಈಗಲೂ ಪೇಚಾಡುತ್ತಾರೆ. "ಕೈ ತಪ್ಪಿ ಮೂಗಿಗೆ ಬಿತ್ತು."

ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದೆ.

"ಆ ಮೂಗಿನ ಸುದ್ದಿ ಬೇಗ ಹರಡ್ತು."

ನಗಿಸುತ್ತಾರೆ, ಆದರೆ ತಾವು ನಗುವುದಿಲ್ಲ. ಕಳೆದ ಕೆಲವು ತಿಂಗಳಿನಿಂದ ಈ ಕಟ್ಟಡದಲ್ಲಿ ನಡೆದದ್ದನ್ನು ಕೇಳಿದರೆ ಯಾರಿಗೂ ನಗು ಬರುವುದಿಲ್ಲ. ನಾನು ಇಲ್ಲಿಗೆ ಬಂದದ್ದು ಹಳೆಯ ಮಿಲ್ಲೊಂದು ಹೊಸ ಆಫೀಸಾದ ಸೊಗಸನ್ನು ಬರೆಯಲು. ಗರಗಸದ ಹಲ್ಲಿನಂಥ ಚಾವಣಿ, ಕಬ್ಬಿಣದ ಕಂಬ, ಯಂತ್ರಗಳ ಬೋಲ್ಟು ಕಿತ್ತ ಗುಂಡಿಗಳಲ್ಲಿ ಗಾಜು ತುಂಬಿ ಅದರ ಕೆಳಗೆ ದೀಪ ಇಟ್ಟಿರುವುದು, ಇದನ್ನೆಲ್ಲ ನೋಡಿ ತಲೆದೂಗುತ್ತಾ ತಿರುಗುತ್ತಿದ್ದೆ. ಬಕೆಟ್ಟು ಹಿಡಿದು ಎದುರು ಬಂದ ಸಿಡುಕಮ್ಮ, "ಮೇಲೆ ನೋಡ್ಕೊಂಡು ಹೋಗಬೇಡಿ, ನೆಲ ಒದ್ದೆ ಇದೆ," ಎಂದರು. ಅಲ್ಲಿಗೆ ಆ ಲೇಖನ ಬಿಟ್ಟುಹೋಯಿತು.

*

ಸಿಡುಕಮ್ಮನ ತಂದೆ ತಾಯಿ ಬೇಗ ತೀರಿಕೊಂಡರು. ಬೆಳೆಸಿದ್ದು ಅಣ್ಣ, ಅತ್ತಿಗೆ. ಅಣ್ಣ ಮಿಲ್ಲಿನ ಬಾಯ್ಲರ್ ಮನೆಯಲ್ಲಿ ಬೆಂಕಿ, ಹಬೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ತಂಗಿ ದೊಡ್ಡವಳಾದ ಮೇಲೆ ನೂಲುವ ವಿಭಾಗಕ್ಕೆ ಅವರೇ ಸೇರಿಸಿದರು. ಸಂಜೆ ಮನೆಗೆ ಬಂದರೆ ಅತ್ತಿಗೆ ಬಾಗಿಲಲ್ಲೇ ಕೂರಿಸಿಕೊಂಡು ತಲೆಗೂದಲಿನಿಂದ ಹತ್ತಿಯ ಎಳೆಗಳನ್ನು ಹೆಕ್ಕುತ್ತಿದ್ದರು. "ಅತ್ತಿಗೆಗೆ ಮಕ್ಕಳಾಗಲಿಲ್ಲ. ನಾನೇ ಮಗಳು. ಬೈತಾ ಬೈತಾ ಬಾಚೋರು. ಇಷ್ಟು ಹತ್ತಿ ಸಿಕ್ಕಿದೆ, ಒಂದು ದಿಂಬು ತುಂಬಬಹುದು ಅನ್ನೋರು."

ಆಗ ಓಣಿಗೆ ಗಡಿಯಾರ ಬೇಕಿರಲಿಲ್ಲ. ಮಿಲ್ಲಿನ ಮಾಳಿಗೆಯ ಮೇಲಿನ ಸೈರನ್ನೇ ಎಲ್ಲರನ್ನೂ ಏಳಿಸುತ್ತಿತ್ತು, ಎಲ್ಲರನ್ನೂ ಮನೆಗೆ ಕಳಿಸುತ್ತಿತ್ತು. ಓಣಿಯವರು ಅದನ್ನು ಕೂಗು ಎನ್ನುತ್ತಿದ್ದರು. ಉದ್ದಕ್ಕೆ ಒಂದೇ ಕೂಗು ಬಂದರೆ ಪಾಳಿ ಶುರು, ಇಲ್ಲವೆ ಪಾಳಿ ಮುಗಿಯಿತು. ಗಿಡ್ಡಗೆ, ತುಂಡು ತುಂಡಾಗಿ ಮೂರು ಕೂಗು ಬಂದರೆ ಒಳಗೆ ಅನಾಹುತ. ಮೂರು ಕೂಗು ಕೇಳಿದ ಹೆಂಗಸರು ಒಲೆ ಮೇಲಿದ್ದದ್ದನ್ನು ಹಾಗೇ ಬಿಟ್ಟು ಓಡುತ್ತಿದ್ದರು.

ಒಂದು ಮಧ್ಯಾಹ್ನ ಮೂರು ಕೂಗು ಬಂತು. ಬಾಯ್ಲರ್ ಮನೆಯಲ್ಲಿ ಹಬೆಯ ಕೊಳವೆ ಸಿಡಿದಿತ್ತು. ಒಳಗೆ ಮೂವರಿದ್ದರು. ಅವರಲ್ಲಿ ಒಬ್ಬರು ಸಿಡುಕಮ್ಮನ ಅಣ್ಣ.

ಅತ್ತಿಗೆ ಬಟ್ಟೆ ಒಗೆಯುತ್ತಿದ್ದವರು ಸೋಪಿನ ಕೈಯಲ್ಲೇ ಓಡಿ ಬಂದರು. ಗೇಟು ಹಾಕಿತ್ತು. ದೊಡ್ಡವರು ಬರುವ ತನಕ ಯಾರನ್ನೂ ಬಿಡಬೇಡಿ ಎಂದು ಮೇಲಿನಿಂದ ಅಪ್ಪಣೆ. ಅತ್ತಿಗೆ ಸರಳು ಹಿಡಿದುಕೊಂಡು ಒಳಗೆ ಓಡಾಡುವ ಪ್ರತಿಯೊಬ್ಬರನ್ನೂ "ಯಾರು? ಯಾರು?" ಎಂದು ಕೇಳಿದರು. ಏನೂ ಆಗಿಲ್ಲ ಎಂದರೇ ಹೊರತು ಯಾರೂ ಹೆಸರು ಹೇಳಲಿಲ್ಲ. ಹೆಣಗಳನ್ನು ಹಿಂದಿನ ಗೇಟಿನಿಂದ ಆಸ್ಪತ್ರೆಗೆ ಸಾಗಿಸಿದ್ದರು. ಸತ್ತವರಲ್ಲಿ ತನ್ನ ಗಂಡನೂ ಒಬ್ಬ ಎಂಬುದು ಆಕೆಗೆ ತಿಳಿದದ್ದು ಕತ್ತಲಾಗುವಾಗ.

ಸಿಡುಕಮ್ಮ ಅಷ್ಟು ಹೊತ್ತೂ ಒಳಗೇ ಇದ್ದರು. ಮೂರು ಕೂಗು ಅವರಿಗೂ ಕೇಳಿಸಿತ್ತು. ನೂಲುವ ವಿಭಾಗದ ಯಂತ್ರಗಳನ್ನು ನಿಲ್ಲಿಸಲು ಮೇಸ್ತ್ರಿಗಳು ಬಿಡಲಿಲ್ಲ. ಅದು ಆ ಕಡೆಯ ವಿಷಯ, ನಿಮ್ಮ ಕೆಲಸ ನೀವು ನೋಡಿ ಎಂದರು.

ಇದನ್ನು ಹೇಳುವಾಗ ಅವರ ದನಿ ಏರುವುದಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ.

"ಅಲ್ಲಿ ನಮ್ಮಣ್ಣ ಬೇಯ್ತಾ ಇದ್ದ. ಇಲ್ಲಿ ನಾನು ಹರಿದ ನೂಲು ಜೋಡಿಸ್ತಾ ಇದ್ದೆ."

ಆಮೇಲೆ ಮಾಮೂಲಿನಂತೆ ವಿಚಾರಣೆ ನಡೆಯಿತು. ಕೆಲಸದವರು ತೂಕಡಿಸಿದ್ದರಿಂದ ಹೀಗಾಯಿತು ಎಂದು ಸತ್ತವರ ತಲೆಯ ಮೇಲೆಯೇ ಗೂಬೆ ಕೂರಿಸಿ ಮಿಲ್ಲಿನವರು ಕೈ ತೊಳೆದುಕೊಂಡರು. ಹಬೆ ಬಿಡುವ ವಾಲ್ವು ಹಿಡಿದುಕೊಳ್ಳುತ್ತಿದೆ, ಯಾರಾದರೂ ಬಂದು ನೋಡಿ ಎಂದು ಅಣ್ಣ ಹಲವು ದಿನಗಳಿಂದ ಗೋಗರೆಯುತ್ತಿದ್ದದ್ದು ಓಣಿಗೆಲ್ಲ ಗೊತ್ತಿತ್ತು. ಓಣಿಯನ್ನು ಕೇಳಿದವರು ಯಾರು?

ಇನ್ನೂ ಕೆಲವು ವರ್ಷ ನಡೆದು ಮಿಲ್ಲು ಮುಚ್ಚಿತು. ಸಿಡುಕಮ್ಮ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆದರು, ಹೋಟೆಲಿನಲ್ಲಿ ಪಾತ್ರೆ ತಿಕ್ಕಿದರು, ಮನೆಮನೆಯಲ್ಲಿ ನೆಲ ಒರೆಸಿದರು. ಅತ್ತಿಗೆ ದರ್ಜಿಯ ಅಂಗಡಿಗೆ ಗುಂಡಿ ಹಚ್ಚಿಕೊಟ್ಟರು. ಅತ್ತಿಗೆಯ ತವರಿನವರು ಬಂದು ಕರೆದರೂ ಆಕೆ ಹೋಗಲಿಲ್ಲ. "ಇವಳನ್ನ ಬಿಟ್ಟು ಬಂದ್ರೆ ಊರಲ್ಲಿ ಒಬ್ಬರ ಮೂಗೂ ಉಳಿಯಲ್ಲ," ಎಂದರಂತೆ. ಅಂದಿನಿಂದ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಒಲೆಯ ಮುಂದೆ ಇದ್ದಾರೆ.

ಮುಚ್ಚಿದ ಮಿಲ್ಲಿನ ಗೋಡೆಗಳಲ್ಲಿ ಗಿಡ ಬೆಳೆದವು, ಪಾರಿವಾಳ ತುಂಬಿದವು. ಕೊನೆಗೊಂದು ದಿನ ಯಾರೋ ಕೊಂಡರು. ಲಾರಿಗಳು ಬಂದವು, ಗಾಜು ಬಂತು, ಹೊಳೆಯುವ ಲಿಫ್ಟು ಬಂತು. ಕಸ ಗುಡಿಸಲು ಜನ ಬೇಕು ಎಂದಾಗ ಓಣಿಯ ನಾಲ್ವರು ಹೆಂಗಸರು ಹೋಗಿ ನಿಂತರು. ಅಣ್ಣ ಸತ್ತ ಜಾಗಕ್ಕೆ ಮತ್ತೆ ಹೋಗಲು ಮನಸ್ಸು ಹೇಗೆ ಬಂತು ಎಂದು ಕೇಳಿದೆ.

"ಮನಸ್ಸು ಯಾರು ಕೇಳಿದ್ರು? ಮಂಡಿ ಕೇಳ್ತು. ಬಸ್ಸು ಹತ್ತಿ ದೂರ ಹೋಗೋ ಮಂಡಿ ಇಲ್ಲ ನನ್ನ ಹತ್ರ. ಹೊಸಿಲು ದಾಟಿದ್ರೆ ಮಿಲ್ಲು."

*

ಹೊಸ ಮಾಲೀಕರು ಹಳೆಯ ಸೈರನ್ನನ್ನು ಎಸೆಯಲಿಲ್ಲ. ಮೋಟಾರು ಸರಿಮಾಡಿಸಿ, ಹಿತ್ತಾಳೆ ಉಜ್ಜಿಸಿ, ಮತ್ತೆ ಮಾಳಿಗೆಯ ಮೇಲೆ ಕೂರಿಸಿದರು. ಅದರ ಕೆಂಪು ಗುಂಡಿಯನ್ನು ಕೆಳಗೆ, ಬಂದವರಿಗೆಲ್ಲ ಮೊದಲು ಕಾಣುವ ಹಾಗೆ, ಸ್ವಾಗತದ ಮೇಜಿನ ಪಕ್ಕ ಇಟ್ಟರು. ಆರಂಭದ ದಿನ ಉದ್ದಕ್ಕೆ ಒಮ್ಮೆ ಕೂಗಿಸಿದಾಗ ಓಣಿಯ ಮುದುಕರು ಹೊರಗೆ ಬಂದು ನಿಂತು ಕಣ್ಣೊರೆಸಿಕೊಂಡರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೊಂದು ದಿನ ಅಲ್ಲಿನ ಕಂಪನಿಯೊಂದಕ್ಕೆ ದೊಡ್ಡ ಗಿರಾಕಿ ಸಿಕ್ಕಿತು. ಮಾರಾಟ ವಿಭಾಗದವರಿಗೆ ಖುಷಿಯೋ ಖುಷಿ. ಅವರಲ್ಲೊಬ್ಬ ಹುಡುಗಿ ಓಡಿಬಂದು ಗುಂಡಿ ಒತ್ತಿದಳು. ಉದ್ದಕ್ಕೆ ಒತ್ತಿದರೆ ಬೇಜಾರು, ತುತ್ತೂರಿಯ ಹಾಗೆ ಗಿಡ್ಡಗೆ ಒತ್ತಿದರೆ ಚಂದ. ಮೂರು ಸಲ ಒತ್ತಿದಳು.

ಸಿಡುಕಮ್ಮ ಮೇಲಿನ ಮಹಡಿಯ ಶೌಚಾಲಯ ತೊಳೆಯುತ್ತಿದ್ದರು. ಬ್ರಶ್ಶು ಬಿಸಾಕಿ ಮೆಟ್ಟಿಲಿಳಿದು ಬಂದರೆ ಕೆಳಗೆ ಚಪ್ಪಾಳೆ, ಕೇಕು. ಕ್ಷಣ ಹೊತ್ತು ಏನೂ ಅರ್ಥವಾಗಲಿಲ್ಲವಂತೆ. ಆಮೇಲೆ ಅತ್ತಿಗೆಯ ನೆನಪಾಯಿತು. ಹೊರಗೋಡಿದರು.

ಅತ್ತಿಗೆ ಆಗಲೇ ಗೇಟಿನ ಬಳಿ ಇದ್ದರು. ಎಪ್ಪತ್ತು ದಾಟಿದ ಜೀವ, ಬರಿಗಾಲು, ಅರ್ಧ ಬಿಚ್ಚಿದ ತುರುಬು. ಕೈಯಲ್ಲಿ ಇನ್ನೂ ಸೂಜಿ ಇತ್ತು. ಎರಡೂ ಕೈಯಲ್ಲಿ ಸರಳು ಹಿಡಿದು ಕಾವಲುಗಾರನನ್ನು ಕೇಳುತ್ತಿದ್ದರು. "ಯಾರಪ್ಪಾ? ಯಾರು? ಹೇಳಪ್ಪ, ಯಾರು?"

"ಯಾರೂ ಇಲ್ಲ ಅಜ್ಜಿ, ಒಳಗೆ ಪಾರ್ಟಿ," ಎನ್ನುತ್ತಿದ್ದ ಅವನು.

"ಬಾ ಅತ್ತಿಗೆ, ಏನೂ ಆಗಿಲ್ಲ," ಎಂದು ಸಿಡುಕಮ್ಮ ಕೈ ಬಿಡಿಸಲು ಹೋದರು. ಸರಳು ಬಿಡಲಿಲ್ಲ. "ಸುಳ್ಳು ಹೇಳಬೇಡ ಕಣೆ. ಆವತ್ತೂ ಹೀಗೇ ಅಂದ್ರು," ಎಂದರಂತೆ. ಒಂದೊಂದೇ ಬೆರಳು ಬಿಡಿಸಿ ಮನೆಗೆ ಕರೆದುಕೊಂಡು ಹೋಗಬೇಕಾಯಿತು.

ಮರುದಿನ ಸಿಡುಕಮ್ಮ ಕಟ್ಟಡದ ಮ್ಯಾನೇಜರ ಬಳಿ ಹೋದರು. ಕೂಗಾಡಲಿಲ್ಲ. ನಡೆದದ್ದನ್ನೆಲ್ಲ ಹೇಳಿ, ಕೂಗಿಸಲೇಬೇಕಿದ್ದರೆ ಉದ್ದಕ್ಕೆ ಒಂದು ಸಲ ಕೂಗಿಸಿ, ಮೂರು ಮಾತ್ರ ಬೇಡ ಎಂದು ಕೇಳಿಕೊಂಡರು. ಮ್ಯಾನೇಜರು ಬಹಳ ಮರ್ಯಾದಸ್ಥರು. ಕೂತು ಕೇಳಿದರು, ಛೆ ಛೆ ಎಂದರು, ಗಮನಿಸುತ್ತೇನೆ ಎಂದರು. ಆದರೆ ಮೂರು ಕೂಗು ಮಾರಾಟ ವಿಭಾಗಕ್ಕೆ ರೂಢಿಯಾಗತೊಡಗಿತು. ಪ್ರತಿ ಹೊಸ ಗಿರಾಕಿಗೂ ಮೂರು ಕೂಗು. ಎರಡನೆಯ ಸಲ ಆದಾಗ ಸಿಡುಕಮ್ಮ ಮತ್ತೆ ಹೋದರು. ಆಗ ಮ್ಯಾನೇಜರು ಮೇಜಿನ ಡ್ರಾಯರಿನಿಂದ ಒಂದು ಪುಟ್ಟ ಡಬ್ಬಿ ತೆಗೆದುಕೊಟ್ಟರು. ಒಳಗೆ ಕಿವಿಗೆ ತುರುಕಿಕೊಳ್ಳುವ ಹಳದಿ ಬಿರಡೆಗಳು.

"ನಿಮ್ಮ ಅತ್ತಿಗೆಗೆ ಕೊಡಿ ಅಮ್ಮ. ತುಂಬಾ ಒಳ್ಳೇವು, ನಾನೂ ವಿಮಾನದಲ್ಲಿ ಹಾಕ್ಕೊಳ್ತೀನಿ," ಎಂದರಂತೆ.

ಈ ಮಾತನ್ನು ನಂಬಲಾಗದೆ ನಾನು ಮತ್ತೊಮ್ಮೆ ಕೇಳಿದೆ. ಸಿಡುಕಮ್ಮ ಎದ್ದುಹೋಗಿ ಮನೆಯ ಗೂಡಿನಿಂದ ಆ ಡಬ್ಬಿಯನ್ನೇ ತಂದು ಮುಂದಿಟ್ಟರು. ಮುಚ್ಚಳ ತೆಗೆದಿರಲಿಲ್ಲ.

"ಬಾಬಿನ್ ಕಾಲ ಆಗಿದ್ರೆ ಅವರ ಮೂಗೂ ಹೋಗ್ತಿತ್ತು," ಎಂದರು. "ಅವರು ಕೆಟ್ಟವರಲ್ಲ, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂದಿದ್ದು. ಕೆಟ್ಟವರಾಗಿದ್ರೆ ಜಗಳ ಆಡಬಹುದಿತ್ತು."

ಮೂರನೆಯ ಸಲ ಅತ್ತಿಗೆ ಹೊರಗೋಡುವಾಗ ಮೆಟ್ಟಿಲಿನ ಮೇಲೆ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ಆಕೆ ಮನೆಯೊಳಗೂ ಚಪ್ಪಲಿ ಹಾಕಿಕೊಂಡೇ ಕೂರತೊಡಗಿದರು. ಊಟಕ್ಕೂ ಚಪ್ಪಲಿ, ಹಾಸಿಗೆಯಲ್ಲೂ ಚಪ್ಪಲಿ. ಯಾಕೆಂದು ಕೇಳಿದರೆ, "ಓಡಬೇಕಾದ್ರೆ ಹುಡುಕ್ತಾ ಕೂರೋಕಾಗುತ್ತಾ?" ಎನ್ನುವರು.

"ಹಾಸಿಗೆ ಮೇಲೆ ಆ ಚಪ್ಪಲಿ ಕಾಲು ನೋಡಿದೆ ನೋಡಿ," ಎನ್ನುತ್ತಾರೆ ಸಿಡುಕಮ್ಮ, "ಅವತ್ತೇ ತೀರ್ಮಾನ ಆಗಿಹೋಯ್ತು."

*

ಆ ವಾರವೇ ದೂರದಿಂದ ಅತಿಥಿಗಳು ಬಂದಿದ್ದರು. ಇಂಥ ಹಳೆಯ ಕಟ್ಟಡಗಳನ್ನು ಹೊಸದು ಮಾಡುವವರಂತೆ. ಮ್ಯಾನೇಜರು ಕಂಬ ತೋರಿಸಿದರು, ಇಟ್ಟಿಗೆ ಸವರಿ ತೋರಿಸಿದರು. ಕೊನೆಗೆ ಕೆಂಪು ಗುಂಡಿಯ ಬಳಿ ಬಂದು, ನೀವೇ ಒತ್ತಿ ಎಂದು ಹಿರಿಯ ಅತಿಥಿಯೊಬ್ಬರನ್ನು ಮುಂದೆ ಕರೆದರು. ನಮ್ಮಲ್ಲಿ ಮೂರು ಸಲ ಒತ್ತುವ ಸಂಪ್ರದಾಯ ಎಂದೂ ಸೇರಿಸಿದರು.

ಸಂಪ್ರದಾಯ. ಹುಟ್ಟಿ ಎರಡು ತಿಂಗಳಾಗಿರಲಿಲ್ಲ ಅದಕ್ಕೆ.

ಸಿಡುಕಮ್ಮ ಅಲ್ಲೇ ನೆಲ ಒರೆಸುತ್ತಿದ್ದರು. ಒರೆಸುವ ಕೋಲನ್ನು ಹಿಡಿದುಕೊಂಡೇ ಹೋಗಿ ಗುಂಡಿಗೆ ಬೆನ್ನು ಕೊಟ್ಟು ನಿಂತರು.

"ಇದನ್ನ ಒತ್ತೋಕೆ ಬಿಡಲ್ಲ ಸರ್."

"ಅಮ್ಮ, ಆಮೇಲೆ ಮಾತಾಡೋಣ," ಎಂದರು ಮ್ಯಾನೇಜರು.

"ಎರಡು ಸಲ ಮಾತಾಡಿದೀನಿ. ನೀವು ಬಿರಡೆ ಕೊಟ್ರಿ. ಮೂರು ಸಲ ಕೂಗಿದ್ರೆ ಇಲ್ಲಿ ಯಾರೋ ಸತ್ತರು ಅಂತ ಅರ್ಥ. ನಮ್ಮಣ್ಣ ಸತ್ತಾಗ ಹೀಗೇ ಕೂಗಿದ್ದು. ನಮ್ಮತ್ತಿಗೆ ಹೊರಗೆ ಗೇಟು ಹಿಡ್ಕೊಂಡು ನಿಂತಿದ್ರು, ಯಾರೂ ತೆಗೀಲಿಲ್ಲ. ಈಗ ಅವರ ಕೈ ಮುರಿದಿದೆ. ನೀವು ಒತ್ತಿದ್ರೆ ಮುರಿದ ಕೈಯಲ್ಲೇ ಓಡಿ ಬರ್ತಾರೆ. ಒತ್ತಬೇಕು ಅಂದ್ರೆ ನನ್ನನ್ನ ಎತ್ತಿ ಪಕ್ಕಕ್ಕಿಟ್ಟು ಒತ್ತಿ."

ಹಿರಿಯ ಅತಿಥಿ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡು ಜೇಬಿಗೆ ಹಾಕಿಕೊಂಡರು. ಮ್ಯಾನೇಜರು ಮೊದಲು ಚೇತರಿಸಿಕೊಂಡರು. ಎಷ್ಟೊಂದು ಮನಮುಟ್ಟುವ ಕತೆ, ಇದನ್ನು ನಾವು ವಿಡಿಯೊ ಮಾಡಿ ಇಲ್ಲೇ ಗೋಡೆಯ ಮೇಲೆ ಹಾಕಬೇಕು ಎಂದರು.

"ನಮ್ಮಣ್ಣ ನಿಮ್ಮ ಗೋಡೆ ಅಲಂಕಾರಕ್ಕೆ ಸತ್ತಿದ್ದಲ್ಲ," ಎಂದರು ಸಿಡುಕಮ್ಮ. ಅತಿಥಿಗಳು ಹೋಗುವ ತನಕ ಅಲ್ಲಿಂದ ಕದಲಲಿಲ್ಲ.

ಮರುದಿನ ಬೆಳಿಗ್ಗೆ ಕಸ ಗುಡಿಸುವ ಗುತ್ತಿಗೆಯ ಮೇಲ್ವಿಚಾರಕ ಅವರನ್ನು ತಡೆದ. ಇನ್ನು ಮೇಲೆ ಹಜಾರಕ್ಕೆ ಬರುವಂತಿಲ್ಲ, ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗ ಗುಡಿಸಿಕೊಂಡಿದ್ದರೆ ಸಾಕು ಎಂದ. "ನಿನಗ್ಯಾಕಮ್ಮ ದೊಡ್ಡವರ ಉಸಾಬರಿ?" ಎಂದು ಬುದ್ಧಿಯನ್ನೂ ಹೇಳಿದ. ಸಿಡುಕಮ್ಮ ಪೊರಕೆ ತೆಗೆದುಕೊಂಡು ಕೆಳಗೆ ಹೋದರು. ಅವತ್ತು ಸಂಜೆಯೂ ಮೂರು ಕೂಗು ಬಂತು. ಇನ್ನೊಬ್ಬ ಗಿರಾಕಿ ಸಿಕ್ಕಿದ್ದ.

ಅದಾದ ಮರುದಿನ ಬೆಳಿಗ್ಗೆ ಉಳಿದ ಮೂವರು ಹೆಂಗಸರೂ ಮೇಲೆ ಹೋಗಲಿಲ್ಲ. ನೆಲಮಾಳಿಗೆಗೇ ಬಂದು ಸಿಡುಕಮ್ಮನ ಪಕ್ಕ ಕಾಲು ಚಾಚಿ ಕೂತರು. ಅವರಲ್ಲಿ ಒಬ್ಬರ ಮಾವ ಆವತ್ತು ಬಾಯ್ಲರ್ ಮನೆಯಲ್ಲಿದ್ದ ಮೂವರಲ್ಲೊಬ್ಬರು. ಇಷ್ಟು ದಿನ ಕೆಲಸ ಹೋದೀತೆಂದು ಹೆದರಿ ಬಾಯಿ ಹೊಲಿದುಕೊಂಡಿದ್ದರಂತೆ. "ಅಕ್ಕ ಒಬ್ಬಳೇ ಕೆಳಗೆ ಕೂತಿರೋದು ನೋಡಿ ತುತ್ತು ಇಳೀಲಿಲ್ಲ," ಎಂದರು ನನಗೆ. ಬೇರೆಯವರನ್ನು ಕರೆಸುತ್ತೇನೆ ಎಂದು ಮೇಲ್ವಿಚಾರಕ ಓಣಿಗೆ ಹೋದ. ಓಣಿಯ ಒಂದು ಬಾಗಿಲೂ ತೆರೆಯಲಿಲ್ಲ.

ಆಮೇಲೆ ಗೋಡೆ ತನ್ನ ಕೆಲಸ ಮಾಡಿತು. ಮೊದಲ ದಿನ ಕೀಬೋರ್ಡುಗಳ ಮೇಲೆ ತೆಳುವಾಗಿ ಕೆಂಪು. ಎರಡನೆಯ ದಿನ ಬಿಳಿ ಅಂಗಿಗಳ ಮೊಣಕೈಯಲ್ಲಿ, ಚರ್ಮದ ಚೀಲಗಳ ಮೇಲೆ, ಗಂಟಲಲ್ಲಿ. ಕಸದ ಬುಟ್ಟಿಗಳು ತುಂಬಿ ಹೊರಚೆಲ್ಲಿದವು. ಶೌಚಾಲಯಗಳ ವಿಷಯ ಬರೆಯದಿರುವುದೇ ಲೇಸು. ಮೂರನೆಯ ದಿನ ಒಂದು ಕಂಪನಿಯವರು, ಹೀಗೇ ಆದರೆ ನಾವು ಬೇರೆ ಕಟ್ಟಡ ನೋಡಿಕೊಳ್ಳುತ್ತೇವೆ ಎಂದರು. ಅವತ್ತು ಮಧ್ಯಾಹ್ನ ಮ್ಯಾನೇಜರು ನೆಲಮಾಳಿಗೆಗೆ ಇಳಿದುಬಂದರು. ಅವರ ಬೂಟಿನ ಮೇಲೂ ಕೆಂಪು ಪುಡಿ ಕೂತಿತ್ತು. ಸೈರನ್ನು ಕೆಳಗಿಳಿಯಬೇಕು, ಸಿಡುಕಮ್ಮ ಹಜಾರಕ್ಕೆ ವಾಪಸು ಬರಬೇಕು, ಆಮೇಲೆಯೇ ಪೊರಕೆ ಎಂದರು ಹೆಂಗಸರು.

ಸಂಜೆಯೊಳಗೆ ಎಲೆಕ್ಟ್ರಿಷಿಯನ್ನು ಮಾಳಿಗೆ ಹತ್ತಿ ಸೈರನ್ನಿನ ಮೋಟಾರು ಬಿಚ್ಚಿ ಕೆಳಗಿಳಿಸಿದ. ಸಿಡುಕಮ್ಮ ನಿಂತು ನೋಡಿದರು. ಗುಂಡಿಯನ್ನೂ ಕೀಳಿಸಿದರು. ಅದಾದ ಮೇಲೆಯೇ ಪೊರಕೆ ಕೈಗೆತ್ತಿಕೊಂಡರು.

ಗೆದ್ದಿರಲ್ಲ ಎಂದೆ. ಆಗ ಅವರ ದನಿ ಏರಿತು.

"ಏನು ಗೆದ್ದಿದ್ದು? ಮೂರು ಜನ ಸತ್ತರು ಅಂದೆ, ಯಾರೂ ಕೇಳಲಿಲ್ಲ. ಮುದುಕಿ ಕೈ ಮುರೀತು ಅಂದೆ, ಕೇಳಲಿಲ್ಲ. ಟೇಬಲ್ ಮೇಲೆ ಧೂಳು ಕೂತ್ಕೊಳ್ತು, ಓಡಿ ಬಂದ್ರು. ಮೂರು ಜೀವಕ್ಕಿಂತ ಮೂರು ದಿನದ ಧೂಳು ಹೆಚ್ಚಾಯ್ತಲ್ಲ ಸ್ವಾಮಿ. ಇದನ್ನ ಗೆಲುವು ಅಂತ ಬರೀಬೇಡಿ."

ಹಾಗಾಗಿ ಗೆಲುವು ಎಂದು ಬರೆಯುತ್ತಿಲ್ಲ. ಮ್ಯಾನೇಜರನ್ನೂ ಭೇಟಿ ಮಾಡಿದೆ. "ಅದೊಂದು ಸಂವಹನದ ಕೊರತೆ," ಎಂದರು. ಯಾರು ಯಾರಿಗೆ ಏನನ್ನು ತಿಳಿಸಿರಲಿಲ್ಲ ಎಂದು ಕೇಳಿದ್ದಕ್ಕೆ ಕಾಫಿ ತರಿಸಿದರು.

ಗುಂಡಿ ಒತ್ತಿದ ಮಾರಾಟ ವಿಭಾಗದ ಹುಡುಗಿಗೆ ನಿಜ ತಿಳಿದದ್ದು ಆ ಧೂಳಿನ ದಿನಗಳಲ್ಲೇ. ಒಂದು ಸಂಜೆ ಓಣಿಯನ್ನು ಹುಡುಕಿಕೊಂಡು ಮನೆಗೆ ಬಂದಳು. ಬಾಗಿಲಲ್ಲೇ ಅಳುತ್ತಾ ನಿಂತಳು. ಸಿಡುಕಮ್ಮ ಒಳಗೆ ಕರೆಯಲಿಲ್ಲ, ಕರೆದದ್ದು ಅತ್ತಿಗೆ. ಕೂರಿಸಿ, ಯಾರ ಮನೆ ಮಗಳಮ್ಮ ನೀನು ಎಂದು ಕೇಳಿ, ಎಡಗೈಯಲ್ಲೇ ನೀರು ಕೊಟ್ಟರು. "ನನಗೆ ಗೊತ್ತಿರಲಿಲ್ಲ ಅಜ್ಜಿ," ಎಂದಳು ಹುಡುಗಿ. "ನಿನಗೆ ಹೇಗೆ ಗೊತ್ತಾಗಬೇಕು? ಹೇಳಬೇಕಾದೋರು ಹೇಳಿಲ್ಲ," ಎಂದರು ಅತ್ತಿಗೆ. ಸಿಡುಕಮ್ಮನಿಗೆ ಇದು ಇವತ್ತಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. "ಅತ್ತಿಗೆ ಮನಸ್ಸು ಬೆಣ್ಣೆ. ನನ್ನದು ಹಾಗಲ್ಲ. ಆದ್ರೂ ಆ ಹುಡುಗಿ ಬಂದಳು, ಅದನ್ನ ಬರೀರಿ. ಬೇರೆ ಯಾರೂ ಬರಲಿಲ್ಲ, ಅದನ್ನೂ ಬರೀರಿ."

ಅತ್ತಿಗೆಯ ಕೈ ಕೂಡಿಕೊಂಡಿದೆ. ಸೂಜಿ ಹಿಡಿದರೆ ಬೆರಳು ನಡುಗುತ್ತದೆ, ಗುಂಡಿ ಹಚ್ಚುವ ಕೆಲಸ ನಿಂತಿದೆ. ಚಪ್ಪಲಿಯನ್ನು ಈಗ ಬಾಗಿಲ ಹೊರಗೆ ಬಿಡುತ್ತಾರೆ.

*

ಸಿಡುಕಮ್ಮ ಮತ್ತೆ ಹಜಾರಕ್ಕೆ ಬಂದಿದ್ದಾರೆ, ಸಿಟ್ಟು ಮಾತ್ರ ಇಳಿದಿಲ್ಲ. ಬಾಯ್ಲರ್ ಮನೆಯನ್ನು ಈಗ ಊಟದ ಕೋಣೆ ಮಾಡಿದ್ದಾರೆ. ತಣ್ಣಗೆ ಗಾಳಿ ಬೀಸುವ ಯಂತ್ರ, ಮರದ ಉದ್ದ ಮೇಜು, ಮೂಲೆಯಲ್ಲಿ ಗಿಡ. ಸ್ವಚ್ಛ ಮಾಡುವ ಹೆಂಗಸರು ಅದನ್ನು ದಿನಕ್ಕೆ ಹಲವು ಸಲ ಒರೆಸುತ್ತಾರೆ, ಆದರೆ ಅಲ್ಲಿ ಕೂತು ಉಣ್ಣುವಂತಿಲ್ಲ. ಅವರ ಊಟ ಮೆಟ್ಟಿಲ ಕೆಳಗೆ, ಬಕೆಟ್ಟು ಇಡುವ ಗೂಡಿನಲ್ಲಿ, ಫಿನಾಯಿಲಿನ ವಾಸನೆಯ ನಡುವೆ. ಹಾಗೆಂದು ಎಲ್ಲೂ ಬರೆದು ಹಾಕಿಲ್ಲ. ಹೋಗಿ ಕೂತರೆ ಯಾರಾದರೂ ಬಂದು ಮೆಲ್ಲಗೆ ಎಬ್ಬಿಸುತ್ತಾರೆ, ಅಷ್ಟೇ.

"ನಮ್ಮಣ್ಣ ಸಾಯೋಕೆ ಜಾಗ ಇತ್ತು ಅಲ್ಲಿ. ನನಗೆ ಉಣ್ಣೋಕೆ ಜಾಗ ಇಲ್ವಂತೆ," ಎಂದರು ಮೊದಲ ಸಲ ಇದನ್ನು ಹೇಳಿದಾಗ. ಇನ್ನೇನು ಆಸೆ ಇದೆ ನಿಮಗೆ ಎಂದು ಕೇಳಿದ್ದೆ. "ಒಂದು ಸಲ ಅಲ್ಲಿ ಕೂತು ನೆಮ್ಮದಿಯಾಗಿ ಊಟ ಮಾಡಬೇಕು," ಎಂದರು.

ನಾನು ಕೊನೆಯ ಸಲ ಹೋದದ್ದು ಮಧ್ಯಾಹ್ನದ ಹೊತ್ತಿಗೆ. ಊಟದ ಕೋಣೆ ತುಂಬಿತ್ತು. ಸಿಡುಕಮ್ಮ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಉಳಿದ ಮೂವರು. ಸಿಡುಕಮ್ಮ ಒಳಗೆ ನಡೆದು, ಕಿಟಕಿ ಪಕ್ಕದ ಮೇಜಿನಲ್ಲಿ ಕುರ್ಚಿ ಎಳೆದು ಕೂತರು. ಮೂವರೂ ಕೂತರು. ದೂರದ ಮೇಜಿನಲ್ಲಿದ್ದ ಮಾರಾಟ ವಿಭಾಗದ ಹುಡುಗಿ ತನ್ನ ತಟ್ಟೆ ಎತ್ತಿಕೊಂಡು ಬಂದು ಇವರ ಮೇಜಿನ ತುದಿಗೆ ಕೂತಳು. ಸಿಡುಕಮ್ಮ ಅವಳನ್ನೊಮ್ಮೆ ನೋಡಿ, ತಮ್ಮ ಡಬ್ಬಿಯನ್ನು ಸ್ವಲ್ಪ ಸರಿಸಿ ಜಾಗ ಮಾಡಿದರು.

ಯಾರು ಹೇಳಿದರೋ, ಮ್ಯಾನೇಜರು ಬಂದೇಬಿಟ್ಟರು. ಮೇಜಿನ ಪಕ್ಕ ನಿಂತರು.

"ಅಮ್ಮ, ಇಲ್ಲಿ..."

ಸಿಡುಕಮ್ಮ ಬಾಯಿಗಿಟ್ಟ ತುತ್ತನ್ನು ನಿಧಾನವಾಗಿ ಅಗಿದು ನುಂಗಿದರು. ನೀರು ಕುಡಿದರು.

"ನಿಂತ್ಕೊಂಡೇ ಇದೀರಲ್ಲ ಸರ್, ಕೂತ್ಕೊಳ್ಳಿ. ನಿಮ್ಮದು ಊಟ ಆಯ್ತಾ?"

ಮ್ಯಾನೇಜರು ಸುತ್ತಲೂ ನೋಡಿದರು. ಕೋಣೆಯ ಎಲ್ಲ ಕಣ್ಣೂ ಅವರ ಮೇಲಿದ್ದವು. ಹೂಂ, ಆಯಿತು, ನೀವು ಮಾಡಿ ಎಂದು ಏನೋ ತೊದಲಿ, ಫೋನು ಕಿವಿಗಿಟ್ಟುಕೊಂಡು ಹೊರಟುಹೋದರು.

ಸಿಡುಕಮ್ಮ ಡಬ್ಬಿಯ ಕೊನೆಯ ಅಗುಳಿನ ತನಕ ಉಂಡರು. ಅವಸರ ಮಾಡಲಿಲ್ಲ. ಮುಚ್ಚಳ ಹಾಕಿ, ಮೇಜಿನ ಮೇಲೆ ತಮ್ಮಿಂದ ಬಿದ್ದ ಎರಡು ಅಗುಳನ್ನು ಹೆಕ್ಕಿಕೊಂಡು, ಎದ್ದು ನಿಂತು ಕೋಣೆಯನ್ನೆಲ್ಲ ಒಮ್ಮೆ ನೋಡಿದರು.

"ನಾಳೆ ಅತ್ತಿಗೆನೂ ಕರ್ಕೊಂಡು ಬರ್ತೀನಿ," ಎಂದರು.